ಕೀರ್ತನೆಗಳ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ಬೈಬಲಿನ ಕೀರ್ತನೆಗಳ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿ ಮುಗಿಸಿದ ಮೇಲೂ ಒಂದು ವಿಷಯ ಗೊತ್ತಾಗಲಿಲ್ಲ. ಈ ಕೀರ್ತನೆಗಳನ್ನು ಯಾರು, ಯಾವಾಗ, ಯಾಕೆ ಹೇಳುತ್ತಾರೆ? ನೀನು ಅವನ್ನು ಯಾವುದೋ ಕವನ ಸಂಕಲನ ಓದಿದ ಹಾಗೆ ಓದಿದ್ದೀಯ. 'ಅಮರ', 'ಮನಮುಟ್ಟುವ', 'ಅದ್ಭುತ' ಇವೆಲ್ಲ ಜಾಸ್ತಿಯಾಗಿವೆ. ಅವನ್ನು ತೆಗೆದುಹಾಕು. ಆ ಜಾಗಕ್ಕೆ ಕೀರ್ತನೆ ಹೇಳುವ ಜನರನ್ನು ಕರೆದುಕೊಂಡು ಬಾ.

ಮೊದಲು ಒಂದು ತಿದ್ದುಪಡಿ. '150 ಕೀರ್ತನೆಗಳನ್ನೂ ದಾವೀದನೇ ಬರೆದ' ಅಂದಿದ್ದೀಯ, ಅಂದರೆ ಇಸ್ರಾಯೇಲರ ಅರಸ ದಾವೀದ. ಹೀಬ್ರೂ ಬೈಬಲಿನಲ್ಲಿ ಅವನ ಹೆಸರಿನ ತಲೆಬರಹ ಇರುವುದು 73ಕ್ಕೆ ಮಾತ್ರ. ಆಸಾಫ, ಕೋರಹನ ವಂಶದವರು, ಮೋಶೆ, ಸೊಲೊಮೋನ ಇವರ ಹೆಸರಿನವೂ ಇವೆ. ಹೆಸರೇ ಇಲ್ಲದವೂ ಸಾಕಷ್ಟಿವೆ. 137ನೆಯದಂತೂ ಬಾಬೆಲಿನ (ಬ್ಯಾಬಿಲೋನಿನ) ನದಿಗಳ ಬಳಿ ಕೂತು ಅತ್ತ ಸೆರೆಯಾಳುಗಳ ಹಾಡು. ಅಷ್ಟು ಹೊತ್ತಿಗೆ ದಾವೀದ ತೀರಿಕೊಂಡು ಸುಮಾರು ನಾನೂರು ವರ್ಷ ಆಗಿತ್ತು.

ಈಗ ಮುಖ್ಯ ಮಾತಿಗೆ ಬರೋಣ. ಯೆರೂಸಲೇಮಿನ ದೇವಾಲಯದಲ್ಲಿ ಲೇವಿಯರು, ಅಂದರೆ ದೇವಾಲಯದ ಸೇವೆಗೆ ಮೀಸಲಾದ ಕುಲದವರು, ವಾರದ ಒಂದೊಂದು ದಿನಕ್ಕೆ ಒಂದೊಂದು ಕೀರ್ತನೆ ಹಾಡುತ್ತಿದ್ದರು. ಭಾನುವಾರ 24, ಸೋಮವಾರ 48, ಹೀಗೆ ಸಾಗಿ ಸಬ್ಬತ್ ದಿನಕ್ಕೆ, ಅಂದರೆ ವಿಶ್ರಾಂತಿಯ ಶನಿವಾರಕ್ಕೆ, 92. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನಾಶ ಮಾಡಿದರು. ಹಾಡಲು ಲೇವಿಯರೂ ಇಲ್ಲ, ಬಲಿಪೀಠವೂ ಇಲ್ಲ. ಆದರೂ ಯೆಹೂದ್ಯರು ಇವತ್ತಿಗೂ ಬೆಳಗಿನ ಪ್ರಾರ್ಥನೆಯಲ್ಲಿ ಆಯಾ ದಿನದ ಕೀರ್ತನೆ ಹೇಳುತ್ತಾರೆ. ಸುಮ್ನೆ ಹೇಳಿಬಿಡುವುದಿಲ್ಲ. 'ಇಂದು ವಾರದ ಮೊದಲನೇ ದಿನ, ಈ ದಿನ ಲೇವಿಯರು ದೇವಾಲಯದಲ್ಲಿ ಇದನ್ನು ಹೇಳುತ್ತಿದ್ದರು' ಎಂಬ ಅರ್ಥದ ಮಾತು ಮೊದಲು ಬರುತ್ತದೆ. ಆ ಒಂದು ವಾಕ್ಯ ಇಟ್ಟುಕೊಂಡು ನೀನು ಇಡೀ ಲೇಖನ ಬರೆಯಬಹುದಿತ್ತು. ನಿನ್ನ ಬರಹದಲ್ಲಿ ಅದು ಇಲ್ಲವೇ ಇಲ್ಲ.

ಇನ್ನೊಂದು ಉದಾಹರಣೆ. 113ರಿಂದ 118ರವರೆಗಿನ ಕೀರ್ತನೆಗಳಿಗೆ ಒಟ್ಟಾಗಿ 'ಹಲ್ಲೇಲ್' ಅನ್ನುತ್ತಾರೆ. ಹಬ್ಬಗಳಲ್ಲಿ ಹೇಳುವ ಸ್ತುತಿ ಇದು. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಇದನ್ನು ಎರಡು ಪಾಲು ಮಾಡುತ್ತಾರೆ. 113, 114 ಊಟಕ್ಕೆ ಮೊದಲು, ಉಳಿದವು ಊಟದ ನಂತರ. ಆದರೆ ಪಸ್ಕದ ಕೊನೆಯ ದಿನಗಳಲ್ಲಿ 115 ಮತ್ತು 116ರ ಮೊದಲ ಭಾಗಗಳನ್ನು ಬಿಟ್ಟು ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಸಿಗುವ ಒಂದು ಹಳೆಯ ಉತ್ತರ ಹೀಗಿದೆ: ಇಸ್ರಾಯೇಲರು ಸಮುದ್ರ ದಾಟಿ ಪಾರಾದಾಗ ಐಗುಪ್ತದವರು ಅದೇ ಸಮುದ್ರದಲ್ಲಿ ಮುಳುಗಿ ಸತ್ತರು. ಸತ್ತವರು ಶತ್ರುಗಳೇ ಇರಬಹುದು, ಆದರೂ ಬಾಯ್ತುಂಬ ಹಾಡುವುದು ಸರಿಯಲ್ಲ. ನೋಡು, ಇಲ್ಲಿ ಯಾರೂ ಭಾಷಣ ಮಾಡಿಲ್ಲ. ಕೆಲವು ಸಾಲು ಬಿಟ್ಟಿದ್ದಾರೆ, ಅಷ್ಟೇ.

ಯೇಸುವೂ ಶಿಷ್ಯರೂ ಕೊನೆಯ ಊಟ ಮುಗಿಸಿ, ಹಾಡು ಹಾಡಿ, ಎಣ್ಣೆಮರಗಳ ಗುಡ್ಡಕ್ಕೆ ಹೊರಟರು ಎಂದು ಮತ್ತಾಯ, ಮಾರ್ಕ ಇಬ್ಬರೂ ಬರೆಯುತ್ತಾರೆ. ಆ ಹಾಡು ಇದೇ ಹಲ್ಲೇಲ್ ಇರಬೇಕು ಎಂದು ಅನೇಕರು ತಿಳಿದಿದ್ದಾರೆ. ಮರುದಿನ ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ ಕೀರ್ತನೆಯೇ, 22ನೆಯದರ ಮೊದಲ ಸಾಲು: 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?' ಈ ಕೀರ್ತನೆಯನ್ನು ಕಥೋಲಿಕರು ಗರಿಗಳ ಭಾನುವಾರದ (ಈಸ್ಟರಿಗೆ ಹಿಂದಿನ ಭಾನುವಾರದ) ಬಲಿಪೂಜೆಯಲ್ಲಿ ಹಾಡುತ್ತಾರೆ. ಎಷ್ಟೋ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಶುಭ ಶುಕ್ರವಾರ ಓದುತ್ತಾರೆ. ನೀನು ಇಷ್ಟನ್ನು ಬರೆದಿದ್ದೀಯ, ಸರಿ. ಆದರೆ ಇಲ್ಲಿಗೇ ನಿಲ್ಲಿಸಿಬಿಟ್ಟೆ.

ಯೆಹೂದ್ಯ ಗುರುಗಳ ಚರ್ಚೆಗಳ ಹಳೆಯ ಗ್ರಂಥವಾದ ತಾಲ್ಮುದ್ ಇದೇ ಸಾಲನ್ನು ಪರ್ಷಿಯದ ರಾಜನ ಯೆಹೂದ್ಯ ಹೆಂಡತಿ ಎಸ್ತೇರ್ ರಾಣಿಯ ಬಾಯಲ್ಲಿ ಇಡುತ್ತದೆ. ತನ್ನ ಜನರನ್ನು ಉಳಿಸಿಕೊಳ್ಳಲು, ಕರೆಯದೇ ಇದ್ದರೂ ಅವಳು ರಾಜನ ಮುಂದೆ ಹೋಗಬೇಕು. ಹಾಗೆ ಹೋದವರಿಗೆ ಮರಣವೇ ಶಿಕ್ಷೆ. ದಾರಿಯಲ್ಲಿ ವಿಗ್ರಹಗಳಿದ್ದ ಕೋಣೆಗೆ ಬಂದಾಗ ದೇವರ ಸಾನ್ನಿಧ್ಯ ತನ್ನನ್ನು ಬಿಟ್ಟುಹೋಯಿತು ಅಂತ ಅವಳಿಗೆ ಅನಿಸಿತಂತೆ. ಆಗ ಅವಳು ಹೇಳಿದ್ದು ಇದೇ ಮಾತು. ಒಂದು ಕಡೆ ಶಿಲುಬೆಗೆ ಹೊಡೆದ ಮನುಷ್ಯ, ಇನ್ನೊಂದು ಕಡೆ ಅರಮನೆಯಲ್ಲಿ ಒಂಟಿಯಾಗಿ ನಿಂತ ಹೆಂಗಸು. ಒಂದೇ ಸಾಲು ಇಬ್ಬರಿಗೂ ಸಾಕಾಯಿತು. ಯಾರ ಓದು ಸರಿ ಅಂತ ನೀನು ಪಂಚಾಯ್ತಿ ಮಾಡಲು ಹೋಗಬೇಡ. ಎರಡನ್ನೂ ಪಕ್ಕಪಕ್ಕದಲ್ಲಿ ಇಡು.

'ಮನಸ್ಸಿನಲ್ಲಿ ಭಾವ ಉಕ್ಕಿದಾಗ ಭಕ್ತ ಕೀರ್ತನೆ ಹಾಡುತ್ತಾನೆ' ಅಂತ ಒಂದು ಕಡೆ ಬರೆದಿದ್ದೀಯ. ಇದನ್ನು ನಾನು ಒಪ್ಪುವುದಿಲ್ಲ. ಆರಾಧನೆಯಲ್ಲಿ ಆಗುವುದು ಹೆಚ್ಚಾಗಿ ಇದರ ಉಲ್ಟಾ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ವಾರಕ್ಕೆ 150 ಕೀರ್ತನೆ ಮುಗಿಯಲೇಬೇಕು ಎಂದು ನಿಯಮ ಮಾಡಿದ. ಈ ಹಂಚಿಕೆ ಇಷ್ಟವಾಗದಿದ್ದರೆ ಬೇರೆ ಥರ ಹಂಚಿಕೊಳ್ಳಿ, ಆದರೆ ವಾರದಲ್ಲಿ ಮುಗಿಸಿ, ನಮ್ಮ ಹಿರಿಯರು ಒಂದೇ ದಿನದಲ್ಲಿ ಮುಗಿಸುತ್ತಿದ್ದರು ಎಂದು ಸ್ವಲ್ಪ ಚುಚ್ಚಿಯೂ ಹೇಳಿದ. (ಹಿರಿಯರ ಬುದ್ಧಿ ಎಲ್ಲ ಕಾಲಕ್ಕೂ ಒಂದೇ, ಅಲ್ವಾ?) ಈಗಿನ ಕಥೋಲಿಕ ಪ್ರಾರ್ಥನಾ ಪುಸ್ತಕ ಅದನ್ನು ನಾಲ್ಕು ವಾರಕ್ಕೆ ಹರಡಿದೆ. ಹೇಗಾದರೂ ಆಯ್ಕೆ ನಿನ್ನದಲ್ಲ. ಖುಷಿಯ ದಿನ ಗೋಳಿನ ಕೀರ್ತನೆ ಬರಬಹುದು, ಮನೆಯಲ್ಲಿ ಸಾವಾದ ವಾರವೇ ಸ್ತುತಿ ಬರಬಹುದು. ಆಗ ನೀನು ಬೇರೆ ಯಾರದೋ ಪರವಾಗಿ ಹೇಳುತ್ತೀಯ. ಎಲ್ಲೋ ಇನ್ನೊಬ್ಬರು ನಿನ್ನ ಪರವಾಗಿ ಅಳುತ್ತಿರುತ್ತಾರೆ. ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತು, ಒಂದು ವಚನ ಈ ಕಡೆಯವರು, ಮುಂದಿನದು ಆ ಕಡೆಯವರು ಅಂತ ಹಾಡುತ್ತಾರೆ. ಪ್ರತಿ ವಚನದ ನಡುವೆ ಸ್ವಲ್ಪ ನಿಲ್ಲುತ್ತಾರೆ. ಯಾರ ದನಿಯೂ ಮೇಲೆ ಏಳುವಂತಿಲ್ಲ.

ಇನ್ನು ನೀನು ಪೂರ್ತಿ ಮುಚ್ಚಿಟ್ಟ ವಿಷಯ. ಕೀರ್ತನೆಗಳಲ್ಲಿ ಶಾಪಗಳಿವೆ. 137ರ ಕೊನೆಯಲ್ಲಿ ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ (1962–65ರ ಬಿಷಪರ ಮಹಾಸಭೆಯ) ನಂತರ ಕಥೋಲಿಕ ಸಭೆ ತನ್ನ ದಿನನಿತ್ಯದ ಪ್ರಾರ್ಥನೆಯಿಂದ 58, 83, 109 ಈ ಮೂರನ್ನು ಪೂರ್ತಿ ಕೈಬಿಟ್ಟಿತು. 137ರ ಆ ಕೊನೆಯ ಸಾಲುಗಳನ್ನೂ ಬಿಟ್ಟಿತು. ಬಿಟ್ಟದ್ದು ಯಾಕೆ ಅಂತ ಅರ್ಥವಾಗುತ್ತದೆ. ಆದರೂ ನನಗೆ ಅದು ಸರಿ ಅನಿಸುವುದಿಲ್ಲ. ಸೇಡಿನ ಮಾತನ್ನು ದೇವರ ಮುಂದೆಯೇ ಹೇಳಿ ಮುಗಿಸಲಿ, ಹೊರಗೆ ಹೋಗಿ ತೀರಿಸಿಕೊಳ್ಳುವುದಕ್ಕಿಂತ ಅದು ಮೇಲು. ನಿನ್ನ ಅಭಿಪ್ರಾಯ ಬೇರೆ ಇರಬಹುದು, ಇರಲಿ. ಆದರೆ ಈ ಪ್ರಶ್ನೆ ಇದೆ ಅಂತ ಓದುಗರಿಗೆ ಗೊತ್ತಾಗಬೇಕು. ಹಾಗೆಯೇ 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದಕ್ಕೆ ನೀನು ಸಮಾಧಾನದ ಬಾಲ ಅಂಟಿಸಿದ್ದೀಯ. ಕಿತ್ತುಹಾಕು.

23ನೇ ಕೀರ್ತನೆಗೆ ಎರಡು ಪುಟ ಬೇಡ. 'ಯೆಹೋವನು ನನ್ನ ಕುರುಬನು' ಎಲ್ಲರಿಗೂ ಗೊತ್ತು.

ಕೊನೆಗೆ, ಕಳಿಸುವ ಮೊದಲು ಸಂಖ್ಯೆಗಳನ್ನು ಒಂದು ಸಲ ನೋಡಿಬಿಡು. ಹೀಬ್ರೂ ಬೈಬಲಿನ 9 ಮತ್ತು 10 ಹಳೆಯ ಗ್ರೀಕ್ ಅನುವಾದದಲ್ಲಿ ಒಂದೇ ಕೀರ್ತನೆ. ಅದರಿಂದ ಅಲ್ಲಿಂದ ಮುಂದೆ ಹೆಚ್ಚಿನವು ಒಂದು ಸಂಖ್ಯೆ ಹಿಂದೆ ಬೀಳುತ್ತವೆ. ಆರ್ಥೊಡಾಕ್ಸ್ ಪುಸ್ತಕಗಳೂ ಹಳೆಯ ಲ್ಯಾಟಿನ್ ಪುಸ್ತಕಗಳೂ ಗ್ರೀಕ್ ಲೆಕ್ಕವನ್ನೇ ಹಿಡಿದಿವೆ. ನೀನು ಒಂದು ಕಡೆ ಪಶ್ಚಾತ್ತಾಪದ ಕೀರ್ತನೆಯನ್ನು 50 ಅಂತಲೂ ಇನ್ನೊಂದು ಕಡೆ 51 ಅಂತಲೂ ಬರೆದಿದ್ದೀಯ. ಎರಡೂ ತಪ್ಪಲ್ಲ, ಆದರೆ ಒಂದೇ ಲೇಖನದಲ್ಲಿ ಯಾವುದಾದರೂ ಒಂದನ್ನು ಇಟ್ಟುಕೋ. ತಿದ್ದಿದ ಪ್ರತಿ ಕಳಿಸು, ಓದುತ್ತೇನೆ.

ಇಂತಿ,
ನಿನ್ನ ಅಣ್ಣ