ಟ್ರಂಕಿನಲ್ಲಿ ಉಳಿದ ಇನ್‌ಲ್ಯಾಂಡ್ ಪತ್ರ

ಮಾನ್ಯ ಸಂಪಾದಕರೇ,

ಡಿಸೆಂಬರ್ 16 ಬಂತೆಂದರೆ ಪತ್ರಿಕೆಗಳಲ್ಲಿ ಢಾಕಾ ಶರಣಾಗತಿಯ ಅದೇ ಫೋಟೊ. 1971ರ ಯುದ್ಧದಲ್ಲಿ ಪಾಕಿಸ್ತಾನದ ಸುಮಾರು 93 ಸಾವಿರ ಮಂದಿ ಸೆರೆಯಾದ ಲೆಕ್ಕವೂ ಇರುತ್ತದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಆದರೆ ಆಗ ಸೈನಿಕರಿಂದ ನಮ್ಮ ಹಳ್ಳಿಗಳಿಗೆ ಬಂದ ಪತ್ರಗಳು ಎಲ್ಲಿ ಹೋದವು?

ನಮ್ಮ ದೊಡ್ಡಪ್ಪ ಪೂರ್ವದ ಗಡಿಯಲ್ಲಿದ್ದರು. ಅವರ ಒಂದೇ ಒಂದು ಪತ್ರ ನನ್ನ ಬಳಿ ಇದೆ. ನೀಲಿ ಇನ್‌ಲ್ಯಾಂಡ್, ಮಡಿಕೆಯಲ್ಲಿ ಹರಿದಿದೆ. ಊರಿನ ಹೆಸರಿಲ್ಲ, ಬರೀ 99 ಎಪಿಒ ಎಂಬ ಸೇನಾ ಅಂಚೆಯ ವಿಳಾಸ. ಎಲ್ಲಿದ್ದೇವೆ ಅಂತ ಬರೆಯುವ ಹಾಗಿರಲಿಲ್ಲ ಅಲ್ವಾ. ಹೊಲಕ್ಕೆ ಚರಗ, ಅಂದರೆ ಎಡೆ, ಚೆಲ್ಲುವ ಎಳ್ಳ ಅಮವಾಸ್ಯೆ ಆ ವರ್ಷ ಢಾಕಾ ಶರಣಾದ ಮರುದಿನವೇ ಬಂದಿತ್ತು. ಪತ್ರದಲ್ಲಿ ಅದನ್ನೇ ಕೇಳಿದ್ದಾರೆ: "ಯವ್ವಾ, ಲಡಾಯಿ ಮುಗದೈತಿ, ನಾ ಆರಾಮ ಅದೇನಿ. ಹೊಲಕ್ಕ ಚರಗ ಚೆಲ್ಲಿದ್ರಿಲ್ಲೋ? ಬಿಳಿಜ್ವಾಳ ಹೆಂಗದಾವು?" ಗೆದ್ದ ಸುದ್ದಿ ಅಷ್ಟೇ. ಉಳಿದದ್ದೆಲ್ಲ ಎತ್ತು, ಸೊಸೈಟಿ ಸಾಲ, ತಂಗಿಯ ಮದುವೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಪೋಸ್ಟ್‌ಮನ್‌ನನ್ನು ಕಟ್ಟೆಯ ಮೇಲೆ ಕೂರಿಸಿ ಮೂರು ಸಲ ಓದಿಸಿದಳಂತೆ.

ಬೇರೆ ಪತ್ರಗಳನ್ನು ಮನೆಗೆ ಸುಣ್ಣ ಹಚ್ಚುವಾಗ ನಾವೇ ರದ್ದಿಗೆ ಹಾಕಿದೆವು. ಈಗ ಹೊಟ್ಟೆ ಉರಿಯುತ್ತದೆ.

ಜಿಲ್ಲೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂಥವು ಇನ್ನೂ ಇರಬಹುದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನು ಕಳಿಸಿ ಮನೆ ಬಾಗಿಲಲ್ಲೇ ಸ್ಕ್ಯಾನ್ ಮಾಡಿಸಿಕೊಳ್ಳಲಿ. ಮೂಲ ಪತ್ರ ಮಾತ್ರ ಕೇಳಬೇಡಿ. ಯಾರೂ ಕೊಡುವುದಿಲ್ಲ, ನಾನೂ ಕೊಡುವವನಲ್ಲ.

— ನಿವೃತ್ತ ಶಿಕ್ಷಕ, ಬೈಲಹೊಂಗಲ