ಚೆಲ್ಲೋ ನುಡಿಸುವ ಮಗಳಿಗೆ

ಪುಟ್ಟಿ,

ನೀವು ಮೂವರೂ ಸೇರಿ ಪಿಯಾನೋ, ಪಿಟೀಲು, ಚೆಲ್ಲೋ ಮೂರಕ್ಕೂ ಅಂತ ಫ್ರೆಂಚ್ ಸಂಗೀತಗಾರ ರವೆಲ್ ಬರೆದ ಪಿಯಾನೋ ಟ್ರಿಯೋ ಎತ್ತಿಕೊಂಡಿದ್ದು ಕೇಳಿ ಖುಷಿಯಾಯಿತು. ಮೊದಲ ಭಾಗದಲ್ಲೇ ಲೆಕ್ಕ ತಪ್ಪುತ್ತಿದೆ ಅಂದೆಯಲ್ಲ, ಅದಕ್ಕೇ ಈ ಕಾಗದ. ಚೆಲ್ಲೋ ಬಗ್ಗೆ ಮಾತಾಡೋಕೆ ಈ ಮೃದಂಗದವನಿಗೆ ಅಧಿಕಾರ ಇಲ್ಲ. ಆದರೆ ಲೆಕ್ಕ ನನ್ನ ಕಸುಬು.

ಬಾರ್‌ಗೆ, ಅಂದರೆ ನಮ್ಮ ಒಂದು ಆವರ್ತದ ಹಾಗೆ, ಎಂಟು ಎಣಿಕೆ ಇದೆ, ನಿಜ. ಅದನ್ನು ನಾಲ್ಕು ನಾಲ್ಕಾಗಿ ಎಣಿಸಿದರೆ ಕೆಟ್ಟಿತು. ಮೂರು, ಎರಡು, ಮೂರು. ತಕಿಟ ತಕ ತಕಿಟ. ಮೊದಲು ಬಾಯಲ್ಲಿ ಹೇಳು, ತೊಡೆ ಮೇಲೆ ತಟ್ಟು. ಕಮಾನು ಆಮೇಲೆ ಹಿಡಿದರಾಯಿತು. ಇದು ಸುಮ್ನೆ ಕೂತು ಹೆಣೆದ ಲೆಕ್ಕ ಅಲ್ಲ, ಕುಣಿತದ ನಡೆ. ರವೆಲ್ ಹುಟ್ಟಿದ್ದು ಫ್ರಾನ್ಸ್-ಸ್ಪೇನ್ ಗಡಿಯ ಬಾಸ್ಕ್ ಸೀಮೆಯ ಸಿಬೂರ್‌ನಲ್ಲಿ, 1875ರಲ್ಲಿ. ತಾಯಿ ಬಾಸ್ಕ್ ಹೆಂಗಸು. ಈ ಟ್ರಿಯೋ ಬರೆದದ್ದೂ ಅಲ್ಲೇ ಪಕ್ಕದೂರಲ್ಲಿ. ಆ ಮೊದಲ ರಾಗಕ್ಕೆ ಬಾಸ್ಕ್ ಬಣ್ಣ ಇದೆ ಅಂತ ಆತನೇ ಹೇಳಿದ್ದಾನೆ.

ಎರಡನೇ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಪಾಂತುಮ್ ಅಂತ ಹೆಸರು, ಮಲಯ ಪದ್ಯದ ಒಂದು ಕಟ್ಟು ಅದು. ಒಂದು ಪದ್ಯದ ಎರಡನೇ, ನಾಲ್ಕನೇ ಸಾಲುಗಳೇ ಮುಂದಿನದರ ಒಂದನೇ, ಮೂರನೇ ಸಾಲುಗಳು. ನಡುವೆ ಒಂದು ಜಾಗ ಬರುತ್ತೆ ನೋಡು. ನೀನೂ ಪಿಟೀಲಿನವಳೂ ಮೂರರಲ್ಲಿ ಚುರುಕಾಗಿ ಓಡುತ್ತಾ ಇರುತ್ತೀರಿ. ಪಿಯಾನೋ ಮಾತ್ರ ನಾಲ್ಕರ ದೊಡ್ಡ ಲೆಕ್ಕ ಹಿಡಿದು ನಿಧಾನಕ್ಕೆ ಹೋಗುತ್ತೆ. ಒಂದೇ ಹೊತ್ತಿಗೆ ಎರಡು ತಾಳ! ನಮ್ಮವರು ಒಂದೊಂದು ಕೈಯಲ್ಲಿ ಒಂದೊಂದು ತಾಳ ಹಾಕಿ ಅವಧಾನ ಮಾಡಿದ ಹಾಗೆ. ಆಮೇಲೆ ಪಾತ್ರ ಅದಲು ಬದಲು. ಅಲ್ಲಿ ಪಿಯಾನೋ ಹಿಂದೆ ಕಿವಿ ಹೋಯಿತೋ, ಜಾರಿದೆ ಅಂತಲೇ ಲೆಕ್ಕ.

ಇನ್ನು ಮೂರನೇದು, ಪಾಸಕಾಲಿಯಾ, ಅಂದರೆ ಒಂದೇ ರಾಗ ಮತ್ತೆ ಮತ್ತೆ ಬರುವ ಕಟ್ಟು. ಇದು ಯುದ್ಧದ ಸಂಗೀತ, ಅಳು ಬರೋ ಹಾಗೆ ನುಡಿಸಬೇಕು ಅಂತ ನಿನ್ನ ಗೆಳತಿ ಹೇಳುತ್ತಾಳಲ್ಲ, ನನಗೆ ಒಪ್ಪಿಗೆ ಇಲ್ಲ. ರವೆಲ್ ಬರೆಯಲು ಕೂತದ್ದು ಯುದ್ಧಕ್ಕೆ ಮುಂಚೆ. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಸೈನ್ಯಕ್ಕೆ ಸೇರುವ ಹಟ ಒಂದು ಕಡೆ, ವಯಸ್ಸಾದ ತಾಯಿಯನ್ನು ಬಿಟ್ಟು ಹೋಗುವ ಸಂಕಟ ಇನ್ನೊಂದು ಕಡೆ. ಐದು ತಿಂಗಳ ಕೆಲಸ ಐದು ವಾರದಲ್ಲಿ ಮುಗಿಸಿದೆ ಅಂತ ಸಂಗೀತಗಾರ ಸ್ಟ್ರಾವಿನ್‌ಸ್ಕಿಗೆ ಕಾಗದ ಬರೆದ. ಇಷ್ಟಾದ ಮೇಲೆ ಸೈನ್ಯದವರು ತೂಕ ಎರಡು ಕಿಲೋ ಕಮ್ಮಿ ಅಂತ ವಾಪಸ್ ಕಳಿಸಿದರು! (1916ರಲ್ಲಿ ಲಾರಿ ಡ್ರೈವರ್ ಆಗಿ ಹೋದ. ಲಾರಿಗೆ ಅಡೆಲಾಯ್ಡ್ ಅಂತ ಹೆಸರೂ ಇಟ್ಟಿದ್ದ.)

ಅಂಥ ಗಡಿಬಿಡಿಯ ಮನುಷ್ಯ ಇಲ್ಲಿ ಎಷ್ಟು ಅಚ್ಚುಕಟ್ಟಾಗಿ ಕೂತಿದ್ದಾನೆ ನೋಡು. ಪಿಯಾನೋದ ತೀರಾ ತಗ್ಗಿನ ಸ್ವರದಲ್ಲಿ ಎಂಟು ಬಾರ್‌ಗಳ ಒಂದು ರಾಗ. ಆಮೇಲೆ ಅದೇ ರಾಗ ನಿನ್ನ ಕೈಗೆ, ಆಮೇಲೆ ಪಿಟೀಲಿಗೆ. ಏರಿ ಏರಿ ಮೇಲೆ ಹೋಗಿ, ಹಾಗೇ ಇಳಿದು, ಕೊನೆಗೆ ಪಿಯಾನೋ ಒಂದೇ ಉಳಿಯುತ್ತೆ. ದುಃಖ ಇದೆ, ಇಲ್ಲ ಅನ್ನಲ್ಲ. ಆದರೆ ಅದನ್ನು ಆ ಎಂಟು ಬಾರ್‌ಗಳೇ ಹೊತ್ತಿವೆ. ನೀನು ಮೇಲಿಂದ ಎಳೆದು, ನಡುಗಿಸಿ ಇನ್ನಷ್ಟು ಸುರಿಯಬೇಡ. ಕಾಲ ಕದಲದ ಹಾಗೆ ನುಡಿಸು, ಸಾಕು.

ಕೊನೇ ಭಾಗದಲ್ಲಿ ಐದೂ ಏಳೂ ಬರುತ್ತೆ. ಖಂಡ, ಮಿಶ್ರ, ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದೇ ಅಲ್ವಾ. ನಿಮ್ಮಿಬ್ಬರಿಗೂ ಅಲ್ಲಿ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಅಲುಗಿಸೋದು) ಜಾಸ್ತಿ, ಪಿಯಾನೋ ಅಬ್ಬರಕ್ಕೆ ಮುಚ್ಚಿಹೋಗುತ್ತೆ. ಆ ಹುಡುಗನಿಗೆ ಕೈ ಸ್ವಲ್ಪ ತಗ್ಗಿಸೋಕೆ ಹೇಳು. ರಿಹರ್ಸಲ್ ರೆಕಾರ್ಡ್ ಮಾಡಿ ಕಳಿಸು, ಎರಡನೇ ಭಾಗ ಮೊದಲು. ನಾನು ತಾಳ ಹಾಕಿಕೊಂಡು ಕೇಳುತ್ತೇನೆ.

ನಿನ್ನ
ಅಪ್ಪ