ವೈನಿಗೆ, ಮತ್ತು ಉಳಿದ ಎಲ್ಲರಿಗೂ

ಗೋವಾದಿಂದ ಬಂದು ಹದಿನಾರು ದಿನ ಆಯಿತು. ಫೋನ್ ಮಾಡಿದವರಿಗೆಲ್ಲ "ಬರೆದು ತಿಳಿಸುತ್ತೇನೆ" ಅಂತ ಹೇಳಿ ಇಟ್ಟುಬಿಟ್ಟಿದ್ದೆ. ಮಾತಾಡಲು ಹೋದರೆ ಗಂಟಲು ಕಟ್ಟುತ್ತಿತ್ತು. ಇವತ್ತು ಅಂತೂ ಕೂತಿದ್ದೇನೆ.

2025ರ ನವೆಂಬರ್ 9, ರವಿವಾರ, ಪಣಜಿಯ ಮಿರಾಮಾರ್ ತೀರದಲ್ಲಿ ನಡೆದ ಐರನ್‌ಮ್ಯಾನ್ 70.3 ಅನ್ನುವ ಟ್ರಯಥ್ಲಾನ್ ಮುಗಿಸಿದೆ. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ನನಗೆ 7 ಗಂಟೆ 59 ನಿಮಿಷ ಹಿಡಿಯಿತು. ಹೋದ ವರ್ಷ ಅಕ್ಟೋಬರ್ 27ರಂದು ಅದೇ ನೀರಿನಲ್ಲಿ ನನಗೆ ಏನಾಯಿತು ಅಂತ ಇದನ್ನು ಓದುವ ಬಹಳ ಜನರಿಗೆ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ದೋಣಿಯಲ್ಲಿ ಕೂತು ದಂಡೆಗೆ ವಾಪಸ್ ಬಂದೆ, ಅಷ್ಟು ಸಾಕು.

ಈಜು ತಿದ್ದಿದ ಕೋಚ್ ಸರ್‌ಗೆ, ಜಡಿಮಳೆಯಲ್ಲೂ ಬೆಳಗಿನ ಐದೂವರೆಗೆ ಈಜುಕೊಳದ ಗೇಟ್ ತೆಗೆದ ಕಾಕಾಗೆ, ಕಿತ್ತೂರಿಗೆ ಹೋಗಿ ಬರುವ ಉದ್ದನೆಯ ರೈಡ್‌ಗಳಲ್ಲಿ ಒಂದು ದಿನವೂ ಕೈಬಿಡದ ಇಬ್ಬರು ಗೆಳತಿಯರಿಗೆ, ಗೇರ್ ಸರಿ ಮಾಡಿ ದುಡ್ಡು ತೆಗೆದುಕೊಳ್ಳದ ಸೈಕಲ್ ಅಂಗಡಿಯ ಹುಡುಗನಿಗೆ, ವರ್ಷದ ರಜೆಯನ್ನೆಲ್ಲ ಒಟ್ಟಿಗೆ ಕೊಟ್ಟ ನಮ್ಮ ಮ್ಯಾನೇಜರ್‌ಗೆ, ಮಗನ ಓದು, ಅತ್ತೆಯವರ ಔಷಧ, ಮನೆಯ ಅಡಿಗೆ ಎಲ್ಲವನ್ನೂ ಆರು ತಿಂಗಳು ಸುಮ್ನೆ ಹೊತ್ತುಕೊಂಡ ನಮ್ಮ ಮನೆಯವರಿಗೆ ಮನಸಾರೆ ಥ್ಯಾಂಕ್ಸ್. ನಿಮ್ಮ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಯಬಹುದು. ಆದರೆ ಇವತ್ತು ನನಗೆ ವೈನಿ ಬಗ್ಗೆ ಬರೆಯಬೇಕಿದೆ. ನೀವು ಬೇಜಾರು ಮಾಡಿಕೊಳ್ಳುವವರಲ್ಲ ಅಂತ ಗೊತ್ತು.

ವೈನಿ ನನ್ನ ಅಣ್ಣನ ಹೆಂಡತಿ. ಧಾರವಾಡದಲ್ಲಿ ಮನೆಯ ಹಿಂದಿನ ಶೆಡ್‌ನಲ್ಲಿ ನಾಲ್ಕು ಜನ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿಸಿ ಮಾರುತ್ತಾರೆ. ಟ್ರಯಥ್ಲಾನ್ ಅಂದರೆ ಏನು ಅಂತ ಅವರಿಗೆ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಾನು ಮತ್ತೆ ಹೆಸರು ಕೊಡುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ವೈನಿ ಮಾತ್ರ ರೊಟ್ಟಿ ಲೆಕ್ಕದ ವಹಿ ತಂದು, ಹಿಂದಿನ ಕಡೆಯಿಂದ ಖಾಲಿ ಹಾಳೆ ತೆರೆದು ನನ್ನ ಮುಂದೆ ಕೂತರು.

"ನನಗ ಆ ಓಡೂದು ಈಜೂದು ಗೊತ್ತಿಲ್ಲ. ಮಂದೀನ್ನ ಕರಕೊಂಡು ಪರ ಊರಿಗೆ ಹೋಗೂದು ಗೊತ್ತೈತಿ. ಎಲ್ಲಿ ಮಲಗೂದು, ಏನ ಉಣ್ಣೂದು, ಎಷ್ಟೊತ್ತಿಗೆ ಏಳೂದು, ಇಷ್ಟ ಹೇಳು."

ಹೋದ ವರ್ಷ ನಾನು ಮಾಡಿದ್ದ ತಪ್ಪುಗಳೆಲ್ಲ ಆ ಹಾಳೆಯ ಮೇಲೆ ಬಂದವು. ಅಗ್ಗ ಅಂತ ಮಾಂಡವಿ ನದಿಯ ಆಚೆ, ಕಳಂಗುಟ್ ಕಡೆ ರೂಮ್ ಹಿಡಿದಿದ್ದೆ. ರೇಸ್ ದಿನ ಬೆಳಗ್ಗೆ ತೀರದ ಸುತ್ತಲಿನ ರಸ್ತೆಗಳನ್ನು ಬಂದ್ ಮಾಡುತ್ತಾರೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಊರು ಮುಟ್ಟಿ, ನೇರ ಓಡಿಹೋಗಿ ರೇಸ್ ನಡೆಸುವವರಿಗೆ ಸೈಕಲ್ ಒಪ್ಪಿಸಿದ್ದೆ. ರೇಸ್‌ಗೆ ಮುಂಚೆ ಒಂದು ಸಲವೂ ಆ ನೀರಿಗೆ ಇಳಿದಿರಲಿಲ್ಲ. ರಾತ್ರಿ ಹೋಟೆಲಿನಲ್ಲಿ ಸಿಕ್ಕಿದ್ದು ತಿಂದಿದ್ದೆ. ತರಬೇತಿಯ ಬಗ್ಗೆ ಅಷ್ಟು ಓದಿದವಳು, ಮಲಗುವ ಜಾಗದ ಬಗ್ಗೆ ಅರ್ಧ ಗಂಟೆಯೂ ಯೋಚನೆ ಮಾಡಿರಲಿಲ್ಲ.

ಈ ಸಲ ವೈನಿ ತಾವೇ ಫೋನ್ ಮಾಡಿ ಮನೆ ಹುಡುಕಿದರು. ಎಲ್ಲ ಕಡೆ ಕೇಳಿದ್ದು ಅವೇ ನಾಲ್ಕು ಪ್ರಶ್ನೆ. ಅಡಿಗೆಮನೆ ಇದೆಯಾ? ಸೈಕಲ್ ಒಳಗೆ ಇಡಲು ಜಾಗ ಇದೆಯಾ? ತೀರಕ್ಕೆ ನಡೆದು ಹೋಗಬಹುದಾ? ಬೆಳಗಿನ ನಾಲ್ಕಕ್ಕೆ ಗೇಟ್ ತೆಗೆಯುತ್ತೀರಾ? ಜೂನ್‌ನಲ್ಲಿ ಒಂದು ಮನೆ ಗೊತ್ತಾಗಿ ಮುಂಗಡ ಕೊಟ್ಟೆವು. ರೇಸ್‌ಗೆ ಒಂಬತ್ತು ದಿನ ಇದ್ದಾಗ ಆ ಮನೆಯವರು ಫೋನ್ ಮಾಡಿ ಆಗುವುದಿಲ್ಲ ಅಂದುಬಿಟ್ಟರು. ಆ ವಾರ ಪಣಜಿಯಲ್ಲಿ ಎಲ್ಲಿ ಕೇಳಿದರೂ ಬಾಡಿಗೆ ಎರಡು ಪಟ್ಟು. ನಾನು ತಲೆ ಮೇಲೆ ಕೈ ಇಟ್ಟುಕೊಂಡು ಕೂತೆ. ವೈನಿ ಎರಡು ದಿನ ಬಿಡದೆ ಫೋನ್ ಹಚ್ಚಿದರು. ಅವರ ಹತ್ತಿರ ರೊಟ್ಟಿ ಒಯ್ಯುವ ಒಬ್ಬರ ಬೀಗರು, ಅವರ ಪರಿಚಯದವರು, ಹಾವೇರಿ ಕಡೆಯಿಂದ ಬಂದು ತಾಳಗಾಂವದಲ್ಲಿ ನೆಲೆ ನಿಂತ ಒಂದು ಕುಟುಂಬ. ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟರು. ಮಿರಾಮಾರ್‌ಗೆ ನಡೆದೇ ಹೋಗುವ ದೂರ. ಆ ಮನೆಯ ಅಜ್ಜಿ ನಮ್ಮನ್ನು ನೋಡಿ "ಬರ್ರಿ ಯವ್ವಾ, ಎಷ್ಟ ದಿನಾತು ನಮ್ಮ ಕಡೆ ಮಾತು ಕೇಳಿ" ಅಂದಾಗ ನನಗೆ ಅರ್ಧ ದಣಿವು ಇಳಿಯಿತು. ಅಜ್ಜಿ, ನಿಮ್ಮ ಇಡೀ ಮನೆಗೆ ನನ್ನ ನಮಸ್ಕಾರ.

ತರಬೇತಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆದರೆ ನಮ್ಮ ಕಡೆಯಿಂದ ಮುಂದಿನ ಸಲ ಯಾರಾದರೂ ಹೋಗುವವರಿದ್ದರೆ ಒಂದೆರಡು ಮಾತು. ನಮ್ಮ ದೊಡ್ಡ ತೊಂದರೆ ಮಳೆಗಾಲ. ಜೂನ್‌ನಿಂದ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಕೊಳದ ಈಜೇ ಗತಿ. ಅಕ್ಟೋಬರ್‌ನಲ್ಲಿ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಎರಡು ಸಲ ಹೋಗಿ ಬಂದೆ, ಸಮುದ್ರದ ಅಭ್ಯಾಸ ಅಂತ ಸಿಕ್ಕಿದ್ದು ಅಷ್ಟೇ. ಗೋವಾದ ನೀರು ಬೆಚ್ಚಗಿರುವುದರಿಂದ ವೆಟ್‌ಸೂಟ್, ಅಂದರೆ ಈಜುವವರ ರಬ್ಬರಿನ ಉಡುಪು, ಹಾಕುವ ಹಾಗಿಲ್ಲ. ಅದು ಮೈಯನ್ನು ತೇಲಿಸಿ ಹಿಡಿಯುತ್ತದೆ, ಆ ಆಸರೆ ಇಲ್ಲ ಅಂತ ತಿಳಿದೇ ತಯಾರಾಗಬೇಕು. ಇನ್ನೊಂದು, ಧಾರವಾಡದ ತಂಪು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಓಡುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು, ಮೈತುಂಬ ಬೆವರು, ಒಣಗುವುದೇ ಇಲ್ಲ. ಅದಕ್ಕೆ ಅಕ್ಟೋಬರ್ ತುಂಬ ಮಧ್ಯಾಹ್ನ ಹನ್ನೆರಡಕ್ಕೆ, ತುಂಬು ತೋಳಿನ ಅಂಗಿ ಹಾಕಿಕೊಂಡು ಕೆಲಗೇರಿ ಕೆರೆಯ ಕಡೆ ಓಡಿದೆ. ಸೈಕಲ್ ಮೇಲೆ ತಿನ್ನಲು ಅಂಗಡಿಯ ಎನರ್ಜಿ ಜೆಲ್ ನನ್ನ ಹೊಟ್ಟೆಗೆ ಆಗಿಬರಲಿಲ್ಲ. ವೈನಿ ಶೇಂಗಾ, ಬೆಲ್ಲ, ಸ್ವಲ್ಪ ಉಪ್ಪು ಹಾಕಿ ಗೋಲಿ ಗಾತ್ರದ ಉಂಡಿ ಕಟ್ಟಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟರು. ಪ್ರತಿ ಲಾಂಗ್ ರೈಡ್ ಆದ ಮೇಲೆ ಎಷ್ಟು ತಿಂದೆ, ಎಷ್ಟು ಉಳಿಯಿತು ಅಂತ ಕೇಳಿ ಆ ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಗುರುವಾರ ಅಣ್ಣ ಕಾರಿನಲ್ಲಿ ನಮ್ಮಿಬ್ಬರನ್ನೂ ಸೈಕಲನ್ನೂ ತಂದು ಬಿಟ್ಟು, ಅಂಗಡಿ ಬಾಗಿಲು ತೆರೆಯಬೇಕು ಅಂತ ರಾತ್ರಿಯೇ ಹೊರಟ. ಶುಕ್ರವಾರ ಸಂಜೆ ನಾನು ಅಭ್ಯಾಸಕ್ಕೆ ಅಂತ ಮಿರಾಮಾರ್‌ನಲ್ಲಿ ನೀರಿಗೆ ಇಳಿದೆ.

ನೂರು ಮೀಟರ್ ಹೋಗಿರಬಹುದು. ಉಸಿರು ನಿಂತಂತಾಯಿತು. ಅದೇ, ಹೋದ ವರ್ಷದ್ದೇ. ಹತ್ತಿರ ಈಜುತ್ತಿದ್ದ ಒಬ್ಬರು ಕೈ ಹಿಡಿದು ದಂಡೆಗೆ ತಂದರು. ಅವರ ಹೆಸರನ್ನೂ ನಾನು ಕೇಳಲಿಲ್ಲ. ಎಲ್ಲಿದ್ದರೂ ಅವರಿಗೆ ಒಳ್ಳೆಯದಾಗಲಿ.

ಆ ರಾತ್ರಿ ಒಂದು ಗಂಟೆಗೆ ಎದ್ದು ನಾನು ಬ್ಯಾಗ್ ತುಂಬತೊಡಗಿದೆ. ಬೆಳಗಿನ ಬಸ್ಸಿಗೆ ಊರಿಗೆ ಹೋಗಿಬಿಡುವುದು ಅಂತ ಗಟ್ಟಿ ಮಾಡಿದ್ದೆ. ವೈನಿಗೆ ಎಚ್ಚರ ಆಯಿತು. ಬೇಡ ಅನ್ನಲಿಲ್ಲ. ಆರು ತಿಂಗಳು ಕಷ್ಟಪಟ್ಟಿದ್ದೀಯ ಅನ್ನಲಿಲ್ಲ. ಧೈರ್ಯ ತಗೋ ಅಂತಲೂ ಅನ್ನಲಿಲ್ಲ. ಗೋಡೆಗೆ ಒರಗಿ ಕೂತು, ತಮ್ಮ ಪಕ್ಕದ ನೆಲವನ್ನು ಕೈಯಿಂದ ತಟ್ಟಿದರು. ಹೋಗಿ ಕೂತೆ.

ಆಗ ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳಿಬಿಡುತ್ತೇನೆ. ಆ ದಿನದಿಂದ ಒಂದು ವರ್ಷ ನಾನು ಸ್ನಾನದ ತಂಬಿಗೆ ನೀರು ಮುಖಕ್ಕೆ ಸುರಿದುಕೊಳ್ಳುವಾಗಲೂ ಹೆದರುತ್ತಿದ್ದೆ. ಕೊಳದಲ್ಲಿ ಕೆಳಗೆ ಕಪ್ಪು ಗೆರೆ ಕಾಣುತ್ತದೆ, ಅದಕ್ಕೇ ಈಜಿದೆ. ಕಾರವಾರದಲ್ಲಿ ಎರಡು ಸಲವೂ ಗೆಳತಿಯ ಪಕ್ಕ ಬಿಟ್ಟು ಸರಿದಿರಲಿಲ್ಲ. ಕೋಚ್ ಸರ್‌ಗೆ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಎಲ್ಲರೂ ನನ್ನನ್ನು ಗಟ್ಟಿ ಹೆಣ್ಣುಮಗಳು ಅಂತಾರೆ, ಅಲ್ವಾ? ಹೇಳಿದರೆ ಕಳಿಸುವುದಿಲ್ಲ ಅಂತ ಒಂದು ಭಯ, ಹೇಳದೆ ಇದ್ದರೆ ಸಾಯುತ್ತೇನೆ ಅಂತ ಇನ್ನೊಂದು ಭಯ. ಅವತ್ತು ವೈನಿಯ ತೊಡೆಯ ಮೇಲೆ ತಲೆಯಿಟ್ಟು ನಾನು ಅತ್ತಷ್ಟು, ನನ್ನ ಅವ್ವ ಹೋದಾಗಲೂ ಅತ್ತಿರಲಿಲ್ಲ.

ಅಳು ನಿಂತ ಮೇಲೆ ವೈನಿ ಒಂದೇ ಮಾತು ಕೇಳಿದರು.

"ನೀರಾಗ ಇಳದ ಮ್ಯಾಲ ಏನ ಕಾಣಸ್ತೈತಿ ನಿನಗ?"

ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಏನೂ ಕಾಣಂಗಿಲ್ಲ ವೈನಿ. ಕೆಳಗ ಬರೇ ಮಣ್ಣಿನ ಬಣ್ಣ. ತಲಿ ಎತ್ತಿದ್ರ ದಂಡಿ ಯಾವ ಕಡೆ ಐತಿ ಅಂತನೂ ತಿಳೀವಲ್ದು."

"ಹಂಗಾರ ಕಾಣೂವಂಥಾದ್ದು ಒಂದು ಇಟ್ಟರ ಆತು."

ಬೆಳಗಿನವರೆಗೆ ಅವರು ಮಲಗಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತಿದ್ದರು. ನನಗೆ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಎದ್ದಾಗ ಬ್ಯಾಗಿನಲ್ಲಿದ್ದ ಬಟ್ಟೆಗಳೆಲ್ಲ ವಾಪಸ್ ಹಲಗೆಯ ಮೇಲೆ ಮಡಚಿ ಕೂತಿದ್ದವು. ವೈನಿ ತಮ್ಮ ಹಳದಿ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಮದುವೆ ಮುಂಜಿಗೆ ಅಂತ ಇಟ್ಟುಕೊಂಡ, ದೂರದಿಂದ ಕಣ್ಣಿಗೆ ಹೊಡೆಯುವ ಅರಿಶಿನ ಬಣ್ಣದ ಸೀರೆ.

ವೈನಿ ಅಲ್ಲಿಯವರೆಗೆ ಸಮುದ್ರದಲ್ಲಿ ಪಾದ ಮುಳುಗುವಷ್ಟರಿಂದ ಮುಂದೆ ಹೋದವರಲ್ಲ. ಅವತ್ತು ಸೀರೆ ಎತ್ತಿ ಕಟ್ಟಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತರು. ಒಂದೊಂದು ಅಲೆ ಬಂದಾಗಲೂ ಹೌಹಾರಿ ನನ್ನ ತೋಳು ಹಿಡಿಯುತ್ತಿದ್ದರು, ಆದರೆ ಹಿಂದೆ ಸರಿಯಲಿಲ್ಲ. "ಇಪ್ಪತ್ತು ಸಲ ಕೈ ಹೊಡಿ. ತಿರಗಿ ನನ್ನ ನೋಡು. ಬಾ." ಇಪ್ಪತ್ತು ಹೊಡೆದು ತಲೆ ಎತ್ತಿದೆ. ಹಳದಿ ಕಂಡಿತು. ವಾಪಸ್ ಬಂದೆ. ಆಮೇಲೆ ನಲವತ್ತು. ಆಮೇಲೆ ಅರವತ್ತು. ಲೈಫ್‌ಗಾರ್ಡ್ ಒಬ್ಬರು ಬಂದು ಏನು ನಡೆದಿದೆ ಅಂತ ಹಿಂದಿಯಲ್ಲಿ ಕೇಳಿದರು. ವೈನಿ ಧಾರವಾಡ ಕನ್ನಡದಲ್ಲೇ ಎಲ್ಲ ಹೇಳಿದರು. ಅವರಿಗೆ ಎಷ್ಟು ತಿಳಿಯಿತೋ, ಅಲ್ಲೇ ನಮ್ಮ ಪಕ್ಕ ನಿಂತುಕೊಂಡರು. ಒಂದು ಗಂಟೆಯ ಮೇಲೆ ಹೀಗೇ ನಡೆಯಿತು. ಕೊನೆಯ ಸಲ ನಾನು ಎಣಿಸುವುದನ್ನೇ ಮರೆತಿದ್ದೆ.

ರವಿವಾರ ಈಜುವವರನ್ನು ಸ್ವಲ್ಪ ಸ್ವಲ್ಪ ಜನರನ್ನಾಗಿ ನೀರಿಗೆ ಬಿಟ್ಟರು. ವೈನಿ ತಡೆಬೇಲಿಯ ಆಚೆ, ಅದೇ ಸೀರೆಯಲ್ಲಿ. ರಾತ್ರಿ ಒಗೆದು ಒಣಹಾಕಿದ್ದರು, ಸೆರಗು ಇನ್ನೂ ಹಸಿ ಇತ್ತು. ನೀರಿನ ನಡುವೆ ತಲೆ ಎತ್ತಿದಾಗ ಅವರು ಕಾಣಲಿಲ್ಲ, ಅಷ್ಟು ದೂರದಿಂದ ಯಾರೂ ಕಾಣುವುದಿಲ್ಲ. ದಂಡೆಯ ಮೇಲೆ ಹಳದಿ ಇದೆ ಅಂತ ಮಾತ್ರ ನನಗೆ ಗೊತ್ತಿತ್ತು. ಎರಡು ಸಲ ಉಸಿರು ತಪ್ಪಿತು. ಎರಡೂ ಸಲ ಅಂಗಾತ ತೇಲಿ, ಇಪ್ಪತ್ತು ಎಣಿಸಿ ಮತ್ತೆ ಹೊರಟೆ. ಈಜಿಗೆ 70 ನಿಮಿಷದ ಗಡುವು. 58ಕ್ಕೆ ಕಾಲಿಗೆ ಮರಳು ಸಿಕ್ಕಿತು.

ಸೈಕಲ್ ಚೆನ್ನಾಗಿ ಹೋಯಿತು. ಓಟ ಕಷ್ಟವಾಯಿತು. ದೋನಾ ಪಾವ್ಲಾ ಕಡೆಯ ಆ ಬಿಸಿಲಿನಲ್ಲಿ ಹದಿನಾರನೇ ಕಿ.ಮೀ. ಹೊತ್ತಿಗೆ ಕಾಲು ನನ್ನವು ಅನ್ನಿಸುತ್ತಿರಲಿಲ್ಲ. ವೈನಿ ಕಾರಂಜಾಳೆಯ ಹತ್ತಿರ ರಸ್ತೆ ಬದಿಯಲ್ಲಿ ನಿಂತಿದ್ದರು. ಓಡುವವರು ಹೊರಗಿನವರಿಂದ ನೀರು, ತಿನಿಸು ಏನೂ ತೆಗೆದುಕೊಳ್ಳುವ ಹಾಗಿಲ್ಲ, ಕೊಟ್ಟರೆ ರೇಸ್‌ನಿಂದ ತೆಗೆದುಹಾಕಬಹುದು ಅಂತ ನಾನು ಒಮ್ಮೆ ಹೇಳಿದ್ದೆ. ಅದನ್ನೂ ವಹಿಯಲ್ಲಿ ಬರೆದುಕೊಂಡಿದ್ದರು. ಮನೆಗೆ ಬಂದವರನ್ನು ಒಂದು ತುತ್ತು ಉಣಿಸದೆ ಕಳಿಸದ ಹೆಂಗಸು. ನಾನು ಹಾಗೆ ತೂರಾಡುತ್ತ ಹತ್ತಿರ ಬರುವುದನ್ನು ನೋಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕಣ್ಣಲ್ಲಿ ನೀರು. ಪ್ರತಿ ಸುತ್ತಿಗೂ ಹಾಗೇ ನಿಂತಿದ್ದರು.

ಮುಗಿಸಿ, ಪದಕ ಹಾಕಿಕೊಂಡು ಗೇಟಿನ ಹೊರಗೆ ಬಂದೆ. ವೈನಿ ಮುಷ್ಟಿ ಬಿಚ್ಚಿದರು. ಒಂದು ಶೇಂಗಾ ಉಂಡಿ, ಮೂರು ತಾಸು ಕೈಯಲ್ಲೇ ಹಿಡಿದು ಹಿಡಿದು ಮೆತ್ತಗಾಗಿತ್ತು.

"ಈಗ ಕೊಡಬಹುದಲ್ಲಾ?" ಅಂದರು.

ವೈನಿ, ಅಣ್ಣ ಇದನ್ನು ನಿಮಗೆ ಓದಿ ಹೇಳುತ್ತಾನೆ ಅಂತ ಗೊತ್ತು. ಲಗ್ನದ ಆರ್ಡರ್‌ಗಳ ಹೊತ್ತಿನಲ್ಲಿ ಐದು ದಿನ ಒಲೆ ಆರಿಸಿ ನನ್ನ ಜೊತೆ ಬಂದಿರಿ. ಎಷ್ಟು ಆರ್ಡರ್ ಕೈತಪ್ಪಿದವು ಅಂತ ಕೇಳಿದರೆ ಇನ್ನೂ ಹೇಳುತ್ತಿಲ್ಲ. ಆ ಲೆಕ್ಕ ನನಗೆ ತೋರಿಸಬೇಡಿ, ಬಿಡಿ. ಸೋಮವಾರದಿಂದ ಬೆಳಗ್ಗೆ ಐದಕ್ಕೆ ನಾನು ಶೆಡ್‌ಗೆ ಬರುತ್ತೇನೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಎಣಿಸಿ ಕಟ್ಟಿಡುತ್ತೇನೆ.